ಬಿಪಿಎಲ್ ಕಾರ್ಡ್ ಮತ್ತು ತಿಂಗಳ ಮಾತ್ರೆಯ ಖರ್ಚು

ನಮ್ಮ ಕಾಲೇಜಿನ ಅನೇಕರ ಮನೆಯಂತೆ ನಮ್ಮ ಮನೆಯಲ್ಲೂ ಬಿಪಿಎಲ್ ಕಾರ್ಡ್ ಇದೆ. ಅಮ್ಮಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಅಜ್ಜಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇರುವುದರಿಂದ ಆ ಹಣದ ದೊಡ್ಡ ಪಾಲು ಮಾತ್ರೆಗೇ ಹೋಗುತ್ತಿತ್ತು. ದುಡ್ಡು ಉಳಿಸಲು ಮಾತ್ರೆ ಬಿಡುವವರೂ ಇದ್ದಾರೆ, ಅದು ಅಪಾಯ. ಆದ್ದರಿಂದ ನಾನು ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ತಿಂಗಳು ತಿಂಗಳು ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಮಾತ್ರೆಯ ಬಿಲ್ಲು ಇದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಎರಡು ದಾರಿಗಳಿವೆ.

1. ಸರ್ಕಾರಿ ಆಸ್ಪತ್ರೆ: ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಪರೀಕ್ಷಿಸಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ.

2. ಜನೌಷಧಿ ಕೇಂದ್ರ: ಇಲ್ಲಿ ಔಷಧಗಳು ಬ್ರಾಂಡ್ ಔಷಧಗಳಿಗಿಂತ ಶೇ. 50ರಿಂದ 90ರಷ್ಟು ಅಗ್ಗ. ಯಾವ ಕಾರ್ಡೂ ಬೇಡ, ವೈದ್ಯರ ಚೀಟಿ ಸಾಕು.

ಚೀಟಿಯಲ್ಲಿ ಬ್ರಾಂಡ್ ಹೆಸರು ಮಾತ್ರ ಇದ್ದರೆ ಜೆನೆರಿಕ್ ಹೆಸರನ್ನೂ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಉದಾಹರಣೆಗೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹಲವು ಬ್ರಾಂಡ್‌ಗಳಲ್ಲಿ ಸಿಗುತ್ತದೆ. ಒಳಗಿನ ಔಷಧ ಒಂದೇ. ಹೀಗೆ ಕೇಳಲು ಸಂಕೋಚ ಬೇಡ. ಜೆನೆರಿಕ್ ಹೆಸರಿನಲ್ಲೇ, ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಪರಿಷತ್ತಿನ ನಿಯಮವೇ ಹೇಳುತ್ತದೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ಬದಲಿಸಬೇಡಿ.

ನಮ್ಮ ಹಿರಿಯರಲ್ಲಿ ಹಲವರಿಗೆ ಚೀಟಿ ಓದಲು ಬಾರದು. ಓದು ಬಲ್ಲ ನಾವು ಒಂದು ದಿನ ಅವರ ಜೊತೆ ಆಸ್ಪತ್ರೆಗೆ ಹೋಗೋಣ.