ನಾಮ, ಸ್ಥಾನ, ನಿರ್ದೇಶ

ನಾಮವೇ ಬೇರೆ, ಸ್ಥಾನವೇ ಬೇರೆ. ನಾಮದಿಂದ ಸ್ಥಾನಕ್ಕೆ ಒಯ್ಯುವ ನಿರ್ದೇಶವು ಇವೆರಡಕ್ಕಿಂತಲೂ ಬೇರೆ. ಈ ಮೂರರ ವಿವೇಚನೆಯಿಲ್ಲದೆ ಅಂತರಜಾಲದ ವಿಳಾಸಪದ್ಧತಿಯು ತಿಳಿಯಲಾರದು.

ಹುಬ್ಬಳ್ಳಿಯ ಮಗ್ಗುಲಲ್ಲಿ ಗಬ್ಬೂರವಿದೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿಯೂ ಒಂದು ಗಬ್ಬೂರು ಉಂಟು. ಬರಿಯ ಊರ ಹೆಸರನ್ನು ಹೊತ್ತ ಕಾಗದವು ಯಾವ ಊರನ್ನು ಸೇರಬೇಕು? ಇಂತಹ ಸಂದಿಗ್ಧದ ಪರಿಹಾರಕ್ಕಾಗಿಯೇ 1972ರ ಆಗಸ್ಟ್ 15ರಂದು ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದರೆಂಬುದು ಭಾಷಾವಿದ್ಯಾರ್ಥಿಗಳಿಗೆ ಅಭಿಮಾನದ ಸಂಗತಿ. 580 ಎಂದೊಡನೆ ಪತ್ರವು ಧಾರವಾಡದ ಕಡೆಗೂ, 584 ಎಂದೊಡನೆ ರಾಯಚೂರಿನ ಕಡೆಗೂ ಸಾಗುತ್ತದೆ; ಕೊನೆಯ ಮೂರಂಕಿಗಳು ಬಟವಾಡೆಯ ಅಂಚೆಕಚೇರಿಯನ್ನು ಸೂಚಿಸುತ್ತವೆ.

ಅಂತರಜಾಲದಲ್ಲಿಯೂ ಇದೇ ನ್ಯಾಯ. ಅಲ್ಲಿ ಗಣಕಯಂತ್ರದ ನೆಲೆಯು ಸಂಖ್ಯಾರೂಪವಾದುದು. ಸಂಖ್ಯೆಯು ಜನರ ನೆನಪಿನಲ್ಲಿ ನಿಲ್ಲದ ಕಾರಣ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು ಹೆಸರಿನಿಂದ ಸಂಖ್ಯೆಯನ್ನು ತಿಳಿಸಿಕೊಡುವ ಡೊಮೇನ್ ವ್ಯವಸ್ಥೆಯನ್ನು ರಚಿಸಿದನು. ಈ ಹೆಸರನ್ನು ಬಲದಿಂದ ಎಡಕ್ಕೆ ಬಿಡಿಸಬೇಕು: ಮೊದಲು ದೇಶ ಅಥವಾ ವರ್ಗ, ಅನಂತರ ಸಂಸ್ಥೆ. ಪ್ರತಿಯೊಂದು ಹಂತವೂ ಮುಂದಿನ ಹಂತದ ದಾರಿಯನ್ನಷ್ಟೇ ತೋರುತ್ತದೆ. ಕನ್ನಡ ಲಿಪಿಯ ‘.ಭಾರತ’ ಎಂಬುದಕ್ಕೂ ಇಲ್ಲಿ ಸ್ಥಾನ ದೊರೆತಿದೆ.

ಪುಟವೊಂದರ ಯುಆರ್‌ಎಲ್ ಅದರ ನೆಲೆಯನ್ನು ಹೇಳಿದರೆ, ಯುಆರ್‌ಎನ್ ವಸ್ತುವನ್ನೇ ಹೆಸರಿಸುತ್ತದೆ. ಗ್ರಂಥವು ಯಾವ ಕಪಾಟಿನಲ್ಲಿದ್ದರೂ ಅದರ ಐಎಸ್‌ಬಿಎನ್ ಬದಲಾಗದಷ್ಟೆ! ಆದರೆ ಈ ಭೇದವು ಆತ್ಯಂತಿಕವಲ್ಲ. ಒಂದೇ ಗುರುತು ನಾಮವೂ ನೆಲೆಯೂ ಆಗಬಹುದೆಂದು 2005ರ ಯುಆರ್‌ಐ ನಿಯಮಾವಳಿಯು ಒಪ್ಪಿದೆ. ಆದುದರಿಂದ ಗುರುತಿನ ಸ್ಥಿರತೆಯು ಅಕ್ಷರಗಳಲ್ಲಿಲ್ಲ, ಅದನ್ನು ಕಾಯುವವರ ಸಂಕಲ್ಪದಲ್ಲಿದೆ.

2014ರ ನವೆಂಬರ್ 1ರಂದು ಆಂಗ್ಲ ಬರವಣಿಗೆಯ ‘ಹುಬ್ಲಿ’ಯು ‘ಹುಬ್ಬಳ್ಳಿ’ಯಾಯಿತು, 2020ರಲ್ಲಿ ರೈಲುನಿಲ್ದಾಣಕ್ಕೆ ಶ್ರೀ ಸಿದ್ಧಾರೂಢರ ಹೆಸರು ಬಂದಿತು. ಆದರೂ ಯುಬಿಎಲ್ ಎಂಬ ನಿಲ್ದಾಣಸಂಕೇತವು ಉಳಿದುಕೊಂಡುದರಿಂದ ಟಿಕೀಟಿನ ಲೆಕ್ಕ ತಪ್ಪಲಿಲ್ಲ. ಜಾಲದಲ್ಲಿ ಹೀಗೆ ಕಾಯುವವರು ವಿರಳ. ಪುಟವನ್ನು ಸ್ಥಳಾಂತರಿಸಿ ಹಳೆಯ ವಿಳಾಸವನ್ನು ಕೈಬಿಟ್ಟರೆ, ಓದುಗನಿಗೆ ದೊರೆಯುವುದು 404 ಎಂಬ ನಿರಾಶೆಯ ಅಂಕಿ ಮಾತ್ರ.

ಶಾಲೆಯ ಸಂಚಿಕೆಗಳನ್ನು ಜಾಲಕ್ಕೇರಿಸುವವರು ಇದನ್ನು ಮನಗಾಣಬೇಕು. ವಿಳಾಸದಲ್ಲಿ ಸಂಚಿಕೆಯ ವರ್ಷವೂ ಲೇಖನದ ಕ್ರಮಸಂಖ್ಯೆಯೂ ಇರಲಿ. ಬದಲಾಗುವ ಅಧಿಕಾರಿಯ ಹೆಸರು ಬೇಡ. ಸ್ಥಳಾಂತರ ಅನಿವಾರ್ಯವಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸಿರಬೇಕು. ಗೋಡೆಗೆ ಕೂಡಿಸಿದ ಕಲ್ಲಿನಲ್ಲಿ ದಾನಿಗಳ ಹೆಸರು ತಲೆಮಾರುಗಳವರೆಗೆ ಉಳಿಯುತ್ತದೆ; ಡೊಮೇನ್ ಹೆಸರಾದರೋ ಶುಲ್ಕ ಸಲ್ಲುವವರೆಗೆ ಮಾತ್ರ ನಮ್ಮದು, ತಪ್ಪಿದರೆ ಪರರ ಪಾಲು. ಆ ಅಲ್ಪ ವೆಚ್ಚಕ್ಕೆ ಶಾಶ್ವತ ನಿಧಿಯೊಂದನ್ನಿರಿಸುವುದೂ ವಿದ್ಯಾದಾನವೇ ಸರಿ.