ಪಕ್ಕದ ಮನೆಯ ಮೆಟ್ಟಿಲು ಎಣಿಸಬೇಡ

ಮಗೂ, ಈ ಸಲ ದಸರಾಕ್ಕೆ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸುತ್ತೇನೆ ಅಂತ ಹೊರಟಿದ್ದೀಯ. ಕೂರಿಸು. ಹಲಗೆ ಸಾಲದಿದ್ದರೆ ಅಟ್ಟದ ಮೇಲಿವೆ, ಇಳಿಸಿಕೊಡಿಸುತ್ತೇನೆ. ಆದರೆ ಏಳು ಯಾಕೆ ಸಾಲದು ಅಂತ ಕೇಳಿದಾಗ ನೀನು ಹೊಸ ಬೊಂಬೆಯ ಹೆಸರು ಹೇಳಲಿಲ್ಲ, ಗೆಳತಿಯ ಹೆಸರು ಹೇಳಿದೆ. ಅವಳು ಹೋದ ವರ್ಷ ಒಂಬತ್ತು ಕೂರಿಸಿದಳಂತೆ, ಕೊಂಡಪಲ್ಲಿಯಿಂದ ದಶಾವತಾರದ ಸೆಟ್ ತರಿಸಿದಳಂತೆ, ಫೋಟೊ ಹಾಕಿ ಎಲ್ಲರಿಂದ ಹೊಗಳಿಸಿಕೊಂಡಳಂತೆ. ಅದಕ್ಕೇ ಈ ನಾಲ್ಕು ಮಾತು.

ಬೊಂಬೆ ಕೂರಿಸುವ ಮನೆಗಳಲ್ಲಿ ಮೇಲಾಟ ನಮ್ಮ ಕಾಲದಲ್ಲೂ ಇತ್ತು. ಪಟ್ಟದ ಬೊಂಬೆ ಮದುವೆಯಲ್ಲಿ ತವರಿನವರು ಕೊಡುವ ಜೋಡಿ, ಅದರಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಮಾತೇ ಇರಲಿಲ್ಲ. ಪೈಪೋಟಿಯೆಲ್ಲ ಕೈಕೆಲಸದಲ್ಲಿ. ರಾಣಿಗೆ ಸೀರೆಯ ನೆರಿಗೆ ಯಾರು ಚೆನ್ನಾಗಿ ಹಿಡಿದರು, ರಾಜನ ಪೇಟ ಯಾರದು ನೆಟ್ಟಗೆ ನಿಂತಿತು, ಶೆಟ್ಟರ ಅಂಗಡಿಯ ಮುಂದೆ ಬೇಳೆಕಾಳಿನ ರಾಶಿ ಯಾರು ಅಂದವಾಗಿ ಸುರಿದರು ಅಂತ. ಎಲ್ಲಕ್ಕಿಂತ ದೊಡ್ಡ ಪಂದ್ಯ ರಾಗಿ ಪೈರಿನದು. ಹಬ್ಬಕ್ಕೆ ಮುಂಚೆ ತಟ್ಟೆಗೆ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ, ನೀರು ಚಿಮುಕಿಸಿ ಮುಚ್ಚಿಡುತ್ತಿದ್ದೆವು. ಬೊಂಬೆ ಕೂರಿಸುವ ಹೊತ್ತಿಗೆ ಅದೇ ಹೊಲ, ಅದರ ಬದುವಿನ ಮೇಲೆ ಎತ್ತಿನ ಗಾಡಿ. ಮುಚ್ಚಳ ತಡವಾಗಿ ತೆಗೆದವರ ಪೈರು ಹಳದಿಯಾಗಿ ಸೊರಗುತ್ತಿತ್ತು. ಆಗ ಹಸಿರಾಗಿ ದಟ್ಟವಾಗಿ ಬೆಳೆಸಿದವರ ಮನೆಗೆ ಹೋಗಿ, ಯಾವಾಗ ಬಿಸಿಲಿಗಿಟ್ಟಿರಿ, ನೀರು ಎಷ್ಟು ಹಾಕಿದಿರಿ ಅಂತ ಕೇಳಲೇಬೇಕಿತ್ತು. ಕೇಳಿದರೆ ಹೇಳುತ್ತಿದ್ದರು. ಸೋತವರು ಗೆದ್ದವರ ಮನೆಗೆ ಹೋಗಿ ಕಲಿತು ಬರುವ ಪೈಪೋಟಿ ಅದು. ಅಂಥದ್ದು ಎಷ್ಟಿದ್ದರೂ ಇರಲಿ.

ಕೊಳ್ಳುವುದರಲ್ಲಿ ಶುರುವಾಗುವ ಪೈಪೋಟಿಯ ಜಾತಿಯೇ ಬೇರೆ. ಅದರಲ್ಲಿ ಗೆದ್ದವರನ್ನು ಕೇಳಿ ಕಲಿಯುವುದು ಏನೂ ಇಲ್ಲ, ಅವರಿಗಿಂತ ಹೆಚ್ಚು ದುಡ್ಡು ಹಾಕುವುದೊಂದೇ ದಾರಿ. ಅಮೆರಿಕದಲ್ಲಿ 1993ರ ಸುಮಾರಿಗೆ ಬೀನಿ ಬೇಬೀಸ್ ಅನ್ನುವ ಪುಟ್ಟ ಬಟ್ಟೆ ಬೊಂಬೆಗಳು ಬಂದವು. ಟೈ ಅನ್ನುವ ಕಂಪನಿ ಆಗಾಗ ಒಂದೊಂದು ಬೊಂಬೆಯ ತಯಾರಿಕೆ ನಿಲ್ಲಿಸುತ್ತೇವೆ ಅಂತ ಪ್ರಕಟಿಸುತ್ತಿತ್ತು. ಅಷ್ಟಕ್ಕೇ ಜನ ಮುಗಿಬೀಳುತ್ತಿದ್ದರು. 1999ರಲ್ಲಿ ಲಾಸ್ ವೇಗಸ್ಸಿನ ಕೋರ್ಟಿನಲ್ಲಿ, ವಿಚ್ಛೇದನ ಪಡೆದ ಗಂಡ ಹೆಂಡತಿ ನೆಲದ ಮೇಲೆ ಕೂತು ಆ ಬೊಂಬೆಗಳನ್ನು ನಿನಗೊಂದು ನನಗೊಂದು ಅಂತ ಹಂಚಿಕೊಂಡರು. ಮುಂದೆ ಅವುಗಳಲ್ಲಿ ಬಹುಪಾಲಿಗೆ ಬೆಲೆಯೇ ಇಲ್ಲದಂತಾಯಿತು. 2025ರ ಮೇ ತಿಂಗಳಲ್ಲಿ ಲಬೂಬು ಬೊಂಬೆಗಾಗಿ ಬ್ರಿಟನ್ನಿನ ಅಂಗಡಿಗಳ ಮುಂದೆ ಜನ ಕೈಕೈ ಮಿಲಾಯಿಸಿ, ಕಂಪನಿಯೇ ಅಂಗಡಿ ಮಾರಾಟ ನಿಲ್ಲಿಸಬೇಕಾಯಿತು. ನಿನ್ನ ತಮ್ಮನಿಗೂ ಇದನ್ನು ಹೇಳು. ಹಾಟ್ ವೀಲ್ಸ್‌ನವರು 1995ರಿಂದ ಮಾಮೂಲಿ ಆಟಿಕೆ ಕಾರುಗಳ ನಡುವೆ ಅಪರೂಪದ ಕೆಲವನ್ನು ಬೆರೆಸಿ ಕಳಿಸುತ್ತಾರೆ. ಇವನು ಅವುಗಳಿಗಾಗಿ ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಲ್ಲುತ್ತಾನೆ. ತನ್ನಲ್ಲಿ ಈಗಾಗಲೇ ಇರುವ ಕಾರನ್ನೂ, ಇನ್ನೊಬ್ಬನಿಗೆ ಸಿಗಬಾರದು ಅಂತ ಎತ್ತಿಕೊಂಡು ಬರುತ್ತಾನೆ. ಅದೇ ಕಾರಿಗಾಗಿ ಮಧ್ಯಾಹ್ನ ಅಪ್ಪನ ಕೈ ಹಿಡಿದು ಬರುವ ಹುಡುಗ ಬರಿಗೈಯಲ್ಲಿ ಹೋಗುತ್ತಾನೆ. ಇದು ನನಗೆ ಬಹಳ ಸಂಕಟದ ವಿಷಯ.

ನಿನಗೆ ಬೊಂಬೆಯ ಮೇಲೆ ನಿಜವಾದ ಆಸೆ ಇದೆ ಅಂತ ಗೊತ್ತು. ಹಾಗಿದ್ದರೆ ಒಂದು ದಿನ ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋಗಿ ಬಾ. ಯಾರ ಹತ್ತಿರವೂ ಇಲ್ಲದ್ದು ಏನಿದೆ ಅಂತ ಕೇಳಬೇಡ. ಬೊಂಬೆ ಮಾಡುವವರ ಪಕ್ಕದಲ್ಲಿ ಸುಮ್ಮನೆ ನಿಂತು ನೋಡು. ಒಣಗಿಸಿದ ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಬಿಳಿ ಹೊಟ್ಟು ಹಾರಿ ಗುಂಡನೆಯ ತಲೆ, ಸೊಂಟ ಮೂಡುತ್ತವೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೇರೆ ಬೆಂಕಿ ಬೇಡ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದು ತೀಡಿದಾಗ ಹೊಳಪು ಬರುತ್ತದೆ. ಕೆಂಪು ಮುಗಿದು ಹಳದಿ ಶುರುವಾಗುವ ಗೆರೆಯನ್ನು ಹತ್ತಿರದಿಂದ ನೋಡು, ಕೈ ಎಷ್ಟು ಪಳಗಿದೆ ಅಂತ ಅಲ್ಲಿ ಕಾಣುತ್ತದೆ. ಅದನ್ನು ಕಂಡ ಮೇಲೆ ಒಂದೇ ಒಂದು ಬುಗುರಿ ಕೊಂಡು ತಂದರೂ ನಿನಗೆ ಅದರ ಬಗ್ಗೆ ಹೇಳಲು ಹತ್ತು ಮಾತಿರುತ್ತವೆ.

ದೆಹಲಿಯಲ್ಲಿ ಕಾರ್ಟೂನಿಸ್ಟ್ ಶಂಕರ್ ಪಿಳ್ಳೈ ಕಟ್ಟಿದ ಬೊಂಬೆಗಳ ಮ್ಯೂಸಿಯಂ ಇದೆ, 1965ರಲ್ಲಿ ತೆರೆದದ್ದು. ಅದರ ಮೂಲ ಒಂದು ಹಂಗೇರಿಯನ್ ಬೊಂಬೆ. ಅವರು ಮಕ್ಕಳಿಗಾಗಿ ನಡೆಸುತ್ತಿದ್ದ ಸ್ಪರ್ಧೆಗೆ ಬಹುಮಾನವಾಗಿ ಕೊಡಿ ಅಂತ ಹಂಗೇರಿಯ ರಾಯಭಾರಿ ಕೊಟ್ಟಿದ್ದರು. ಅದಕ್ಕೆ ಮನಸೋತ ಶಂಕರ್, ಹೋದ ಹೋದ ದೇಶದಿಂದ ಬೊಂಬೆ ತರಲು ಶುರುಮಾಡಿದರು. ಹಾಗೆ ಕೂಡಿಸಿದ್ದನ್ನು ದೇಶದ ಮಕ್ಕಳೆಲ್ಲ ನೋಡಲಿ ಅಂತ ಇಟ್ಟರು. ಸಂಗ್ರಹ ಅಂದರೆ ನನ್ನ ಕಣ್ಣ ಮುಂದೆ ಬರುವುದು ಅದು.

ಇನ್ನು ಆ ಗೆಳತಿ. ನಿನ್ನ ಬೀರುವಿನಲ್ಲಿರುವ ಬೊಂಬೆಗಳಲ್ಲಿ ಯಾವುದು ಹಳೆಯದು, ಯಾವುದಕ್ಕೆ ಮರುಬಣ್ಣ ಹಚ್ಚಿದೆ, ಯಾವುದು ನಿನಗೆ ಕಷ್ಟಪಟ್ಟು ಸಿಕ್ಕಿತು ಅಂತ ನೋಡಿದ ಕೂಡಲೇ ಹೇಳಬಲ್ಲವಳು ಈ ಊರಲ್ಲಿ ಅವಳೊಬ್ಬಳೇ. ನಾವೆಲ್ಲ ಚೆನ್ನಾಗಿದೆ ಅನ್ನುತ್ತೇವೆ, ನಮಗೆ ಅಷ್ಟೇ ಗೊತ್ತು. ಅವಳ ಮೇಲೆ ಹೊಟ್ಟೆ ಉರಿದುಕೊಂಡರೆ ನಿನ್ನ ಬೊಂಬೆಗಳನ್ನು ತಿಳಿದು ನೋಡುವವರೇ ಇಲ್ಲದಂತಾಗುತ್ತದೆ. ದಶಾವತಾರದ ಸೆಟ್ ಬಂದಾಗ ನೀನು ನೋಡಲೂ ಹೋಗಲಿಲ್ಲ ಅಂತ ಅವಳ ತಾಯಿ ನನ್ನ ಹತ್ತಿರ ಹೇಳಿಕೊಂಡು ನೊಂದುಕೊಂಡರು. ಈ ಭಾನುವಾರವೇ ಹೋಗು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡು, ಚೆನ್ನಾಗಿದ್ದರೆ ಬಾಯ್ತುಂಬ ಹೇಳು. ನಿನ್ನ ಹತ್ತಿರ ಎರಡೆರಡು ಇರುವ ಬೊಂಬೆ ಯಾವುದಾದರೂ ಅವಳಲ್ಲಿ ಇಲ್ಲದಿದ್ದರೆ ಒಂದನ್ನು ತೆಗೆದುಕೊಂಡೇ ಹೋಗು. ರಾಗಿ ಚೆಲ್ಲುವುದು ಈ ಸಲ ಅವಳ ಜೊತೆಗೇ ಇಟ್ಟುಕೊ, ಅವಳ ಕೈಯ ಪೈರು ನಿನ್ನದಕ್ಕಿಂತ ದಟ್ಟವಾಗಿ ಬರುತ್ತದೆ.