ಮೊದಲು ಓದಿ, ಆಮೇಲೆ ಬಿಡಿಸಿ: ಗ್ರಾಫಿಕ್ ಡಿಸೈನರ್‌ಗೆ ಒಂಬತ್ತು ಸೂತ್ರಗಳು

ಡಿಸೈನ್ ಕೆಲಸಕ್ಕೆ ಈಗಷ್ಟೇ ಕಾಲಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಕಲಿಸುವವರು ಬೀದಿಗೊಬ್ಬರು ಸಿಗುತ್ತಾರೆ. ಓದುವ ಕಣ್ಣನ್ನು ಮಾತ್ರ ನೀವೇ ಬೆಳೆಸಿಕೊಳ್ಳಬೇಕು.

1. ಹಸ್ತಪ್ರತಿ ಕೇಳಿ ಪಡೆಯಿರಿ, ಪೂರ್ತಿ ಓದಿ. ಮುಖಪುಟ ಬೇಕೆಂದು ಬಂದವರು ಶೀರ್ಷಿಕೆ, ಬೆನ್ನುಡಿ, ಲೇಖಕರ ಫೋಟೊ ಕಳಿಸಿ ಸುಮ್ಮನಾಗುತ್ತಾರೆ. ಅಷ್ಟನ್ನೇ ನಂಬಿದರೆ ಮಳೆ ಎಂದ ಕಡೆ ಕೊಡೆ, ಊರು ಎಂದ ಕಡೆ ಹೆಂಚಿನ ಮನೆ ಬಂದು ಕೂರುತ್ತದೆ. ಸತ್ಯಜಿತ್ ರಾಯ್ 1943ರಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಜಾಹೀರಾತು ಕಂಪನಿ ಸೇರಿದವರು; ಜತೆಗೆ ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟ ಮಾಡುತ್ತಿದ್ದರು. ಅಲ್ಲಿಯೇ ಅವರಿಗೆ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವ ಕೆಲಸ ಬಂತು. ಚಿತ್ರಕ್ಕಾಗಿ ಓದಿದ ಆ ಕಥೆ ಅವರನ್ನು ಬಿಡಲಿಲ್ಲ. 1955ರಲ್ಲಿ ಅದೇ ಸಿನಿಮಾ ಆಯಿತು.

2. ಕನ್ನಡ ಅಕ್ಷರಕ್ಕೆ ಉಸಿರಾಡಲು ಜಾಗ ಬಿಡಿ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಫಾಂಟ್ ಆರಿಸುವಾಗ ಅ, ಆ, ಇ, ಈ ನೋಡಿ ಮರುಳಾಗಬೇಡಿ. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’, ‘ಧರ್ಮ’ ಟೈಪ್ ಮಾಡಿ. ಎರಡೆರಡು ಒತ್ತು ಬಂದಾಗ ಎಷ್ಟು ಕೆಳಗಿಳಿಯುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟುತ್ತದೆಯೇ ಎಂದು ನೋಡಿ. ಆಮೇಲೆ 8 ಪಾಯಿಂಟ್‌ಗೆ ಇಳಿಸಿ ಪ್ರಿಂಟ್ ತೆಗೆಯಿರಿ. ರ ಮತ್ತು ಠ, ದ ಮತ್ತು ಥ ಬೇರೆ ಬೇರೆಯಾಗಿ ಕಾಣಬೇಕು. ಹೊಟ್ಟೆಯೊಳಗಿನ ಚುಕ್ಕಿ ಮಸಿಯಲ್ಲಿ ಮುಚ್ಚಿಹೋದರೆ ಆ ಫಾಂಟನ್ನು ಶೀರ್ಷಿಕೆಗಷ್ಟೇ ಇಟ್ಟುಕೊಳ್ಳಿ.

ಯೂನಿಕೋಡ್ ಪಠ್ಯ ಇನ್‌ಡಿಸೈನ್‌ಗೆ ಬಂದಾಗ ಒತ್ತುಗಳು ಒಡೆದು ಸಾಲಾಗಿ ನಿಂತರೆ ಫಾಂಟನ್ನು ಬೈಯುವ ಮೊದಲು ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ ನೋಡಿ. ಬಹುಪಾಲು ಅಲ್ಲೇ ಸರಿಹೋಗುತ್ತದೆ. ಒತ್ತು ಒಡೆದ ಫ್ಲೆಕ್ಸುಗಳು ನಮ್ಮ ಊರುಗಳ ತುಂಬ ನೇತಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡು ನಿಮಿಷದ ಕೆಲಸವದು. ಅದನ್ನೂ ಮಾಡದಿದ್ದರೆ ಕನ್ನಡ ಓದುವವರನ್ನು ನಾವು ಲೆಕ್ಕಕ್ಕೇ ಇಟ್ಟಿಲ್ಲ ಎಂದಾಯಿತು.

3. ಓದುವವರಿಗೆ ಏನು ಬೇಕೋ ಅದನ್ನು ಉಳಿಸಿ, ಮಿಕ್ಕದ್ದು ತೆಗೆಯಿರಿ. ಲಂಡನ್ ಸುರಂಗ ರೈಲಿನ ನಕ್ಷೆ ಬಿಡಿಸಿದ ಹ್ಯಾರಿ ಬೆಕ್ ಡ್ರಾಫ್ಟ್ಸ್‌ಮನ್ ಆಗಿದ್ದವರು. ನೆಲದೊಳಗೆ ಕೂತವನಿಗೆ ಮೇಲಿನ ರಸ್ತೆಗಳ ತಿರುವು ಏಕೆ? ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು, ಅಷ್ಟು ಸಾಕು. ಬೆಕ್ ನಿಜವಾದ ದೂರಗಳನ್ನು ಕೈಬಿಟ್ಟು ನೇರ ಗೆರೆ, ಓರೆ ಗೆರೆಗಳಲ್ಲೇ ನಕ್ಷೆ ಮುಗಿಸಿದರು. ಥೇಮ್ಸ್ ನದಿಯನ್ನು ಮಾತ್ರ ಉಳಿಸಿಕೊಂಡರು. 1931ರಲ್ಲಿ ಮೊದಲು ಕೊಟ್ಟಾಗ ಬೇಡವೆಂದರು, 1933ರಲ್ಲಿ ಅದೇ ನಕ್ಷೆ ಜನರ ಜೇಬು ಸೇರಿತು. ಇಂದಿಗೂ ಊರೂರಿನ ಮೆಟ್ರೊ ನಕ್ಷೆಗಳು ಆ ದಾರಿಯಲ್ಲೇ ಇವೆ.

4. ಜಾಗ ಕಡಿಮೆ ಎಂದು ಗೊಣಗಬೇಡಿ. ಮೊದಲ ಮ್ಯಾಕಿಂಟಾಶ್ ಕಂಪ್ಯೂಟರಿನ ಐಕಾನ್‌ಗಳನ್ನು ಸೂಸನ್ ಕೇರ್ ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ರೂಪಿಸಿದರು. ಅಗಲ 32, ಎತ್ತರ 32, ಬಣ್ಣ ಕಪ್ಪು ಬಿಳುಪು. ಸಾವಿರದ ಚಿಲ್ಲರೆ ಚೌಕಗಳಲ್ಲಿ ಮುಗುಳ್ನಗುವ ಕಂಪ್ಯೂಟರ್ ಮೂಡಿತು.

5. ಕಪ್ಪು ಬಿಳುಪಿನಲ್ಲಿ ನಿಲ್ಲದ ಲೋಗೊ ಬಣ್ಣದಲ್ಲೂ ನಿಲ್ಲದು. ರಬ್ಬರ್ ಸ್ಟಾಂಪು, ಜೆರಾಕ್ಸ್ ಎರಡರಲ್ಲೂ ಪರೀಕ್ಷಿಸಿ.

6. ‘ಲೋಗೊ ಇನ್ನೂ ಸ್ವಲ್ಪ ದೊಡ್ಡದು ಮಾಡಿ’ ಎಂದರೆ ಸಿಟ್ಟಾಗಬೇಡಿ. ಏನು ಕಾಣುತ್ತಿಲ್ಲ ಎಂದು ಕೇಳಿ. ಎಷ್ಟೋ ಸಲ ಲೋಗೊ ಸರಿಯಾಗಿಯೇ ಇರುತ್ತದೆ, ಅದರ ಸುತ್ತ ತುಂಬಿದ್ದು ಹೆಚ್ಚಾಗಿರುತ್ತದೆ.

7. ದರ ಮೊದಲೇ ಹೇಳಿ, ಅಡ್ವಾನ್ಸ್ ತೆಗೆದುಕೊಳ್ಳಿ. ನೈಕಿಯ ಗುರುತನ್ನು 1971ರಲ್ಲಿ ಬಿಡಿಸಿದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್‌ಗೆ ಆಗ ಸಿಕ್ಕಿದ್ದು 35 ಡಾಲರ್. ಕಂಪನಿ ಷೇರು ಕೊಟ್ಟು ಗೌರವಿಸಿದ್ದು 1983ರಲ್ಲಿ. ಇನ್ನೊಂದು ಕಡೆ ಮಿಲ್ಟನ್ ಗ್ಲೇಸರ್, 1977ರಲ್ಲಿ ‘ಐ ಲವ್ ನ್ಯೂಯಾರ್ಕ್’ ಗುರುತನ್ನು ತಮ್ಮ ಊರಿಗಾಗಿ ಹಣ ಪಡೆಯದೆ ಮಾಡಿಕೊಟ್ಟರು. ಇದರಲ್ಲಿ ನನಗೆ ಸಂದೇಹವಿಲ್ಲ: ನಿಮ್ಮೂರ ಶಾಲೆ, ಗ್ರಂಥಾಲಯ, ಗೆಳೆಯನ ಮೊದಲ ಕವನ ಸಂಕಲನ ಇವಕ್ಕೆ ಮನಸಾರೆ ಪುಕ್ಕಟೆ ಮಾಡಿ. ‘ಮುಂದೆ ದೊಡ್ಡ ಕೆಲಸ ಕೊಡ್ತೀವಿ’ ಎನ್ನುವವರಿಗೆ ಬೇಡ.

8. ಸ್ಕ್ರೀನ್ ಆರಿಸಿ ಹೊರಗೆ ಬನ್ನಿ. ಹಳೆಯ ಪೇಟೆಗಳಲ್ಲಿ ಕೈಬರಹದ ಬೋರ್ಡುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಉದ್ದದ ಹೆಸರನ್ನು ಗಿಡ್ಡ ಹಲಗೆಯಲ್ಲಿ ಕೂರಿಸಲು ಬೋರ್ಡ್ ಬರೆದವರು ಒತ್ತನ್ನು ಎಲ್ಲಿ ಸರಿಸಿದ್ದಾರೆ, ತಲೆಕಟ್ಟನ್ನು ಎಲ್ಲಿ ಎಳೆದಿದ್ದಾರೆ ನೋಡಿ. ಬಾದಾಮಿಗೆ ಹೋದರೆ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ಮುಂದೆ ನಿಂತು ಅಕ್ಷರಗಳ ತಿರುವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಅಕ್ಷರದ ಗುಂಡು ಕೈಗೆ ಹತ್ತುವುದು ಹಾಗೆ. ರಾತ್ರಿ ಹೊತ್ತಿಗೆ ಮಲಗಿ; ನಿದ್ದೆಗೆಟ್ಟ ಕಣ್ಣಿಗೆ ಪ್ರೂಫಿನ ತಪ್ಪು ಬೀಳುವುದಿಲ್ಲ.

9. ಕೊನೆಯ ಪ್ರೂಫನ್ನು ಅರವತ್ತು ದಾಟಿದವರ ಕೈಗೆ ಕೊಡಿ. ಕನ್ನಡ ಪುಸ್ತಕದ ನಿಷ್ಠಾವಂತ ಓದುಗರು ಅವರು. ಹಾಳೆಯನ್ನು ದೂರ ಹಿಡಿದರೆ ಅಕ್ಷರ ಒಂದು ಪಾಯಿಂಟ್ ಏರಿಸಿ. ಬೆರಳಿಟ್ಟು ಸಾಲು ಹುಡುಕಿದರೆ ಅಂತರ ಹೆಚ್ಚಿಸಿ. ಪುಟ ಜಾಸ್ತಿಯಾಗಿ ಖರ್ಚು ಬಿತ್ತೆಂದು ಪ್ರಕಾಶಕರು ಒಪ್ಪದಿದ್ದರೆ ಎರಡೂ ಪ್ರಿಂಟುಗಳನ್ನು ಅವರ ಮುಂದಿಟ್ಟು, ಒಂದೊಂದು ಪುಟ ಓದಿ ನೋಡಿ ಎನ್ನಿ.